ನಿಮ್ಮದೇ ಜೆಂಕಿನ್ಸ್ ಸರ್ವರ್ ಹಾಕಿ, ಇಂಟರ್ನೆಟ್‌ಗೆ ಮಾತ್ರ ತೆರೆಯಬೇಡಿ

ಕೋಡ್ ಹೊರಗಿನ ಸರ್ವರ್‌ನಲ್ಲಿ ಬಿಲ್ಡ್ ಆಗೋದು ಬೇಡ, ಆದರೆ ಪ್ರತಿ ಸಲ ಕೋಡನ್ನು ರೆಪೊಗೆ (ಕೋಡ್ ಇಡುವ ಜಾಗಕ್ಕೆ) ಪುಶ್ ಮಾಡಿದಾಗಲೂ ಟೆಸ್ಟ್ ತಾನಾಗೇ ಓಡಬೇಕು ಅಂದರೆ ಜೆಂಕಿನ್ಸ್ ಹಾಕಿಕೊಳ್ಳಿ, ಬಿಲ್ಡ್, ಟೆಸ್ಟ್‌ಗಳನ್ನು ತಾನಾಗೇ ಓಡಿಸುವ ಸಾಫ್ಟ್‌ವೇರ್ ಅದು. ದುಡ್ಡು ಕೊಡಬೇಕಿಲ್ಲ. ಸಣ್ಣ ತಂಡಕ್ಕೆ 4 ಜಿಬಿ ರ‍್ಯಾಮ್, 50 ಜಿಬಿ ಡಿಸ್ಕ್ ಇರುವ ಒಂದು ಉಬುಂಟು ಮೆಷಿನ್ ಸಾಕು.

ಮೊದಲು ಜಾವಾ 21, ಆಮೇಲೆ ಜೆಂಕಿನ್ಸ್‌ನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿ ಹಾಕಿ. ವಾರವಾರ ಬರುವ ಆವೃತ್ತಿ ಬೇಡ. ಬ್ರೌಸರ್‌ನಲ್ಲಿ 8080 ಪೋರ್ಟ್ ತೆರೆದರೆ ಪಾಸ್‌ವರ್ಡ್ ಕೇಳುತ್ತದೆ, ಅದು ಯಾವ ಫೈಲ್‌ನಲ್ಲಿದೆ ಅಂತ ಅದೇ ಪುಟದಲ್ಲಿ ಬರೆದಿರುತ್ತದೆ. ಜೆಂಕಿನ್ಸ್ ತಾನೇ ಸೂಚಿಸುವ ಪ್ಲಗಿನ್‌ಗಳು (ಹೆಚ್ಚುವರಿ ಸೌಲಭ್ಯಗಳು) ಶುರುವಿಗೆ ಸಾಕು, ಸುಮ್ನೆ ಜಾಸ್ತಿ ತುಂಬಬೇಡಿ.

ಈಗ ಮುಖ್ಯ ವಿಷಯ. ಗಿಟ್‌ಹಬ್‌ನ ವೆಬ್‌ಹುಕ್ (ಹೊಸ ಕೋಡ್ ಬಂತು ಅಂತ ಅದು ಕಳಿಸುವ ಸಂದೇಶ) ಒಳಗಿನ ನೆಟ್‌ವರ್ಕ್‌ಗೆ ತಲುಪಲ್ಲ ಅಂತ ತುಂಬಾ ಜನ 8080 ಪೋರ್ಟನ್ನು ಇಡೀ ಇಂಟರ್ನೆಟ್‌ಗೆ ತೆರೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2024ರ ಜನವರಿಯಲ್ಲಿ ಹೊರಬಂದ ಜೆಂಕಿನ್ಸ್‌ನ ಒಂದು ದೋಷದಿಂದ, ಲಾಗಿನ್ ಇಲ್ಲದವರೂ ಸರ್ವರ್‌ನ ಫೈಲ್‌ಗಳ ಮೊದಲ ಕೆಲವು ಸಾಲು ಓದಬಹುದಿತ್ತು, ವಾರದ ಆವೃತ್ತಿ 2.442 ಮತ್ತು ಎಲ್‌ಟಿಎಸ್ 2.426.3ರಲ್ಲಿ ಅದನ್ನು ಸರಿಮಾಡಿದರು. ವೆಬ್‌ಹುಕ್ ಬದಲು ಜಾಬ್‌ನಲ್ಲಿ 'ಪೋಲ್ ಎಸ್‌ಸಿಎಂ' ಆನ್ ಮಾಡಿ, ಐದು ನಿಮಿಷಕ್ಕೊಮ್ಮೆ ಜೆಂಕಿನ್ಸೇ ಹೋಗಿ ಹೊಸ ಕಮಿಟ್ (ಕೋಡ್ ಬದಲಾವಣೆ) ಇದೆಯಾ ನೋಡಿಕೊಂಡು ಬರಲಿ. ಐದು ನಿಮಿಷ ತಡವಾದರೆ ಏನೂ ಮುಳುಗಲ್ಲ ಅಲ್ವಾ? ಮನೆಯಿಂದ ನೋಡಬೇಕಿದ್ದರೆ ವಿಪಿಎನ್ ಮೂಲಕ ಬನ್ನಿ.

ಇನ್ನೊಂದು, ಬಿಲ್ಟ್-ಇನ್ ನೋಡ್‌ನ (ಜೆಂಕಿನ್ಸ್ ಇರುವ ಮೆಷಿನ್‌ನ) ಎಕ್ಸಿಕ್ಯೂಟರ್ ಸಂಖ್ಯೆಯನ್ನು, ಅಂದರೆ ಅಲ್ಲಿ ಒಮ್ಮೆಗೆ ಓಡಬಹುದಾದ ಬಿಲ್ಡ್‌ಗಳ ಸಂಖ್ಯೆಯನ್ನು, 0 ಮಾಡಿ, ಬೇರೆ ಮೆಷಿನ್ ಒಂದನ್ನು ಎಸ್‌ಎಸ್‌ಎಚ್ ಏಜೆಂಟ್ ಆಗಿ (ಜೆಂಕಿನ್ಸ್ ಎಸ್‌ಎಸ್‌ಎಚ್ ಲಾಗಿನ್ ಮೂಲಕ ಬಿಲ್ಡ್ ಓಡಿಸುವ ಮೆಷಿನ್ ಆಗಿ) ಸೇರಿಸಿ. ಇಲ್ಲದಿದ್ದರೆ ಬಿಲ್ಡ್‌ನಲ್ಲಿ ಓಡುವ ಯಾವ ಸ್ಕ್ರಿಪ್ಟ್ ಆದರೂ ಜೆಂಕಿನ್ಸ್ ಉಳಿಸಿಟ್ಟಿರುವ ಪಾಸ್‌ವರ್ಡ್, ಕೀಗಳ ತನಕ ಕೈ ಹಾಕಬಹುದು.

ಬಿಲ್ಡ್‌ನ ಹಂತಗಳನ್ನು ಜೆಂಕಿನ್ಸ್‌ಫೈಲ್‌ನಲ್ಲಿ ಬರೆದು ರೆಪೊದಲ್ಲೇ ಇಡಿ. ಜೆಯೂನಿಟ್ ರಿಪೋರ್ಟ್ (ಟೆಸ್ಟ್ ಫಲಿತಾಂಶ) ಸಂಗ್ರಹಿಸುವ ಸಾಲು ಜೆಂಕಿನ್ಸ್‌ಫೈಲ್‌ನ 'ಪೋಸ್ಟ್' ಭಾಗದ 'ಆಲ್‌ವೇಸ್' ಒಳಗೇ ಇರಲಿ, ಬಿಲ್ಡ್ ಪಾಸಾಗಲಿ ಫೇಲಾಗಲಿ ಅದು ಕೊನೆಗೆ ಓಡುತ್ತದೆ, ಟೆಸ್ಟ್ ಹಂತದಲ್ಲೇ ಕೆಳಗೆ ಬರೆದರೆ ಟೆಸ್ಟ್ ಫೇಲಾದ ಕೂಡಲೇ ಬಿಲ್ಡ್ ಅಲ್ಲೇ ನಿಂತು, ರಿಪೋರ್ಟ್ ನಿಜವಾಗಿ ಬೇಕಾದ ದಿನವೇ ಸಿಗಲ್ಲ. ಹಳೇ ಬಿಲ್ಡ್‌ಗಳು ಡಿಸ್ಕ್ ತುಂಬಿಸುತ್ತವೆ, ಕೊನೆಯ 20 ಮಾತ್ರ ಉಳಿಸಿ.

ಎಲ್ಲಾ ಆದಮೇಲೆ ಬೇಕಂತಲೇ ಒಂದು ಟೆಸ್ಟ್ ಕೆಡಿಸಿ ಪುಶ್ ಮಾಡಿ. ಬಿಲ್ಡ್ ಕೆಂಪಾಗಲೇಬೇಕು. ಹಸಿರಾಗೇ ಉಳಿದರೆ, ಟೆಸ್ಟ್ ಕಮಾಂಡಿನ ಔಟ್‌ಪುಟನ್ನು ಇನ್ನೊಂದು ಕಮಾಂಡಿಗೆ ಪೈಪ್ ಮಾಡಿದ್ದೀರಾ ನೋಡಿ: ಹಾಗಿದ್ದಾಗ ಶೆಲ್‌ಗೆ ಸಿಗುವುದು ಕೊನೆಯ ಕಮಾಂಡಿನ ಎಕ್ಸಿಟ್ ಕೋಡ್ (ಪಾಸೋ ಫೇಲೋ ಹೇಳುವ ಸಂಖ್ಯೆ) ಮಾತ್ರ. ಬ್ಯಾಶ್‌ನಲ್ಲಿ 'ಪೈಪ್‌ಫೇಲ್' ಆನ್ ಮಾಡಿದರೆ ಸರಿಹೋಗುತ್ತದೆ.