ಎಂಟು ಬೈಟ್, ಎರಡು ಸಿಡಿಲು

ಸಾಗರ ಸೀಮೆಯ ನಮ್ಮ ಅಡಿಕೆ ಸಹಕಾರ ಸಂಘದ ಜಾಲತಾಣವನ್ನು ಸಂಘದ ಗೋದಾಮಿನಲ್ಲಿಯೇ, ಹಳೆಯ ಡೆಸ್ಕ್‌ಟಾಪ್‌ಗೆ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ ನಡೆಸುತ್ತೇನೆ ಎಂದಾಗ ನಕ್ಕವರೇ ಹೆಚ್ಚು. "ಸಿಡಿಲು ಬಡಿಯುವ ಊರಿನಲ್ಲಿ ಸರ್ವರ್ ಇಡುತ್ತೀಯಾ ಮಾರಾಯ?" ಎಂದರು ಅಧ್ಯಕ್ಷರು. ಮೊದಲ ವರ್ಷ ಅವರ ಮಾತೇ ನಿಜವಾಯಿತು.

ಮೋಡೆಮ್ ಇದ್ದದ್ದು ಕಚೇರಿಯಲ್ಲಿ, ಸರ್ವರ್ ಗೋದಾಮಿನ ಅಟ್ಟದಲ್ಲಿ. ನಡುವೆ ಅಡಿಕೆ ಒಣಗಿಸುವ ಅಂಗಳದ ಮೇಲೆ ಸುಮಾರು 80 ಮೀಟರ್ ತಾಮ್ರದ ಕೇಬಲ್. ಏಪ್ರಿಲ್‌ನ ಮೊದಲ ಗುಡುಗಿಗೆ ನೆಟ್ ಕೇಬಲ್‌ಗಳನ್ನು ಕೂಡಿಸುವ ಸ್ವಿಚ್ ಪೆಟ್ಟಿಗೆ ಮತ್ತು ಮದರ್‌ಬೋರ್ಡಿನ ನೆಟ್‌ವರ್ಕ್ ಪೋರ್ಟ್ ಸುಟ್ಟವು. ವಿದ್ಯುತ್ತಿನ ಹಠಾತ್ ಏರಿಕೆ ತಡೆಯುವ ₹700ರ ಸರ್ಜ್ ಪ್ರೊಟೆಕ್ಟರ್ ತಂದು ಹಾಕಿದೆ. ಎರಡನೆಯ ಸಿಡಿಲಿಗೆ ರೂಟರ್ ಸತ್ತಿತು, ಪ್ರೊಟೆಕ್ಟರ್ ಮಾತ್ರ ಇಂದಿಗೂ ಹೊಸದರಂತೆ ಇದೆ. ಒಟ್ಟು ಒಂಬತ್ತು ಸಾವಿರದ ಹತ್ತಿರ ಮಣ್ಣುಪಾಲು.

ಕೊನೆಗೆ ತಾಮ್ರವನ್ನೇ ಕಿತ್ತು, ವಿದ್ಯುತ್ ಹರಿಯದ ಗಾಜಿನ ಎಳೆಯ ಫೈಬರ್ ಎಳೆದೆ. ಫೈಬರ್‌ನ ಬೆಳಕನ್ನು ತಾಮ್ರದ ಸಂಕೇತಕ್ಕೆ ಬದಲಿಸುವ ಮೀಡಿಯಾ ಕನ್ವರ್ಟರ್ ಒಂದು ಜೊತೆ ಸೇರಿ ಮೂರೂವರೆ ಸಾವಿರ ಆಗಿರಬೇಕು. ಫೈಬರ್ ಹಾಕಿಯೂ ಸುಟ್ಟುಕೊಂಡವರನ್ನು ಕಂಡಿದ್ದೇನೆ: ಡ್ರಾಪ್ ಕೇಬಲ್‌ನ (ಹೊರಗೆ ಎಳೆಯುವ ಫೈಬರ್ ಕೇಬಲ್) ಜೊತೆಗೆ ಆಧಾರಕ್ಕೆಂದು ಬರುವ ಉಕ್ಕಿನ ತಂತಿಯನ್ನು ಅವರು ಒಳಗಿನವರೆಗೂ ತಂದಿದ್ದರು. ನಾನು ಅದನ್ನು ಎರಡೂ ಕಡೆ ಸೂರಿನ ಹೊರಗೇ ಕತ್ತರಿಸಿ, ಬರಿಯ ಎಳೆಯನ್ನು ಮಾತ್ರ ಒಳಗೆ ಬಿಟ್ಟೆ.

ಸತ್ತ ಪೋರ್ಟಿನ ಬದಲು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯ ಇಂಟೆಲ್ ನೆಟ್‌ವರ್ಕ್ ಕಾರ್ಡ್ ತರಿಸಿದೆ. ₹900 ಇರಬಹುದು. ಹಾಕಿದ ರಾತ್ರಿ ನೆಟ್‌ವರ್ಕ್ ಏಳಲೇ ಇಲ್ಲ. ಕಾರ್ಡ್ ನಕಲಿಯೆಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದು ಮಲಗಿದೆ. ಬೆಳಿಗ್ಗೆ ನೋಡಿದರೆ ಡೆಬಿಯನ್ ಅದಕ್ಕೆ ಇಟ್ಟ ಹೆಸರು ಇಎನ್‌ಪಿ3ಎಸ್0, ನನ್ನ ಸೆಟ್ಟಿಂಗ್ ಕಡತದಲ್ಲಿ ಇದ್ದದ್ದು ಹಳೆಯ ಪೋರ್ಟಿನ ಇಎನ್‌ಪಿ2ಎಸ್0. ಈಗ ಕಾರ್ಡಿನದೇ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸಕ್ಕೆ ಹೆಸರು ಕಟ್ಟಿಹಾಕಿದ್ದೇನೆ.

ಆದರೆ ನನ್ನನ್ನು ಮೂರು ತಿಂಗಳು ಸತಾಯಿಸಿದ್ದು ಸಿಡಿಲಲ್ಲ. ದಿನದ ಧಾರಣೆಯ ಪುಟ ತಟ್ಟನೆ ತೆರೆಯುತ್ತಿತ್ತು. ಸದಸ್ಯರ ಲೆಕ್ಕದ ಪಿಡಿಎಫ್ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಪುಟಗಳನ್ನು ಬಡಿಸುವ ತಂತ್ರಾಂಶ ಅಪಾಚೆಯನ್ನು ತೆಗೆದು ಎಂಜಿನ್‌ಎಕ್ಸ್ ಹಾಕಿದೆ, ಟೈಮ್‌ಔಟ್ ಏರಿಸಿದೆ, ರ‍್ಯಾಮ್ ಸೇರಿಸಿದೆ. ನಡುವೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮೇಲೂ ಓಡಿಸಿ ನೋಡಿದೆ. ಅಲ್ಲಿಯೂ ಅದೇ ಹಾಡು, ಮೇಲಾಗಿ ಅದರ ಎಸ್‌ಡಿ ಕಾರ್ಡ್ ಆರು ವಾರಕ್ಕೆ ಕೈಕೊಟ್ಟಿತು.

ನಮ್ಮ ಸಂಪರ್ಕಕ್ಕೆ ಹೊರಗಿನವರು ನೇರ ತಲುಪಬಲ್ಲ ಸ್ವಂತ ಐಪಿವಿ4 (ಹಳೆಯ ಮಾದರಿಯ ಅಂತರ್ಜಾಲ) ವಿಳಾಸವಿಲ್ಲ. ಹಾಗಾಗಿ ತಿಂಗಳಿಗೆ ₹400 ಚಿಲ್ಲರೆಯ ವಿಪಿಎಸ್ (ಬಾಡಿಗೆಯ ದೂರದ ಸರ್ವರ್) ಒಂದನ್ನು ಮುಂದಿಟ್ಟು, ಅಲ್ಲಿಂದ ಗೋದಾಮಿಗೆ ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಗೂಢಲಿಪಿಯ ಸುರಂಗ ಕೊರೆದಿದ್ದೆ. ಐಪಿವಿ4 ದಾರಿ ಸಂಜೆ ತಡವರಿಸುತ್ತಿದ್ದುದರಿಂದ ಸುರಂಗ ಹೊಸ ಮಾದರಿಯ ಐಪಿವಿ6 ಮೇಲೆ. ಒಂದು ರಾತ್ರಿ, ಹೋಗಿಬರುವ ಪ್ಯಾಕೆಟ್‌ಗಳನ್ನು (ದತ್ತಾಂಶದ ತುಂಡುಗಳನ್ನು) ತೋರಿಸುವ ಟಿಸಿಪಿಡಂಪ್ ಹಚ್ಚಿ ಕುಳಿತಾಗ, ಒಂದೇ ದೊಡ್ಡ ಪ್ಯಾಕೆಟ್ ಮತ್ತೆ ಮತ್ತೆ ಹೊರಡುತ್ತಿರುವುದು ಕಂಡಿತು. ಉತ್ತರವೇ ಇಲ್ಲ. ಕಾಗದ ತೆಗೆದು ಕೂಡಿದೆ: ವೈರ್‌ಗಾರ್ಡ್‌ನ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1420 ಬೈಟ್, ಐಪಿವಿ6 ಹೊದಿಕೆ 80, ಒಟ್ಟು 1500. ನಮ್ಮದು ತನ್ನದೂ ಒಂದಿಷ್ಟು ಹೊದಿಕೆ ಸೇರಿಸುವ ಪಿಪಿಪಿಒಇ ಸಂಪರ್ಕ, ಹಿಡಿಸುವುದು 1492. ಎಂಟೇ ಬೈಟ್ ಹೆಚ್ಚು! "ದೊಡ್ಡದಾಯಿತು" ಎಂದು ವಾಪಸ್ ಹೇಳಬೇಕಾದ ರೂಟರ್ ಬಾಯಿಯನ್ನೇ ಬಿಡುತ್ತಿರಲಿಲ್ಲ. ಸುರಂಗದ ಎರಡೂ ತುದಿಯಲ್ಲಿ 1412 ಎಂದು ಬರೆದೆ, ಪಿಡಿಎಫ್ ಕಣ್ಣೆದುರೇ ತೆರೆಯಿತು. ರ‍್ಯಾಮ್‌ಗೆ ಕೊಟ್ಟ ₹1,800 ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೊಮ್ಮೆ ವೇಗ ಇದ್ದಕ್ಕಿದ್ದಂತೆ ಗಿಗಾಬಿಟ್‌ನಿಂದ 100 ಮೆಗಾಬಿಟ್‌ಗೆ ಇಳಿಯಿತು. ಈಥ್‌ಟೂಲ್ ಎಂಬ ಆಜ್ಞೆಯಲ್ಲಿ ಪೋರ್ಟಿನ ವೇಗ ನೋಡಿದ ಕೂಡಲೇ ಪ್ಯಾಚ್ ಕೇಬಲ್ (ಗಿಡ್ಡ ನೆಟ್ ಕೇಬಲ್) ತಡವಿದೆ: ಇಲಿ ಅದರ ಒಳಗಿನ ನಾಲ್ಕು ಜೋಡಿ ತಂತಿಗಳಲ್ಲಿ ಕಂದು ಜೋಡಿಯನ್ನು ಕಡಿದಿತ್ತು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, ನೂರಕ್ಕೆ ಎರಡು ಸಾಕು. ಕರೆಂಟ್ ಹೋದಾಗ ಇಡೀ ಸರಂಜಾಮನ್ನು ಏಳು ಗಂಟೆ ಎಳೆಯುವ ನನ್ನ ಬ್ಯಾಟರಿ ಉಪಾಯವೊಂದಿದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಪಕ್ಕದ ಸಂಘದವರು ಕೇಳುತ್ತಿದ್ದಾರೆ, ಅವರು ಕೂಲಿ ಕೊಡಲಿ.

ಕಳೆದ ಮೇ ತಿಂಗಳಲ್ಲಿ ಅಂಗಳದಂಚಿನ ತೆಂಗಿನಮರಕ್ಕೇ ಸಿಡಿಲು ಬಡಿದು ಸುಳಿ ಕರಕಲಾಯಿತು. ಕಚೇರಿ ಕಡೆಯ ಕನ್ವರ್ಟರಿನ ಅಡಾಪ್ಟರ್ ಹೋಯಿತು, ₹250. ಗೋದಾಮಿನ ಅಟ್ಟ ಹತ್ತಿ ಅಪ್‌ಟೈಮ್ (ಸರ್ವರ್ ನಿಲ್ಲದೆ ಓಡಿದ ಅವಧಿ) ನೋಡಿದೆ: ನೂರಾ ಎಂಬತ್ತು ದಿನ ದಾಟಿತ್ತು.