ಐಪಿಎಕ್ಸ್ ಹೆಡರ್ ಸಿ‌ನಲ್ಲಿ ಬರೆದದ್ದು: 30 ಬೈಟ್ ಯಾಕೆ 32 ಆಗುತ್ತದೆ

ಹಳೇ ನೆಟ್‌ವೇರ್ 3.12 (ನೊವೆಲ್ ಕಂಪನಿಯ ಫೈಲ್ ಸರ್ವರ್ ಸಾಫ್ಟ್‌ವೇರ್) ಸರ್ವರ್ ಒಂದನ್ನು ವರ್ಚುವಲ್ ಮಷೀನ್‌ನಲ್ಲಿ ಓಡಿಸುತ್ತಿದ್ದೇನೆ. ಅದು ಮಾತಾಡುವುದು ಐಪಿಎಕ್ಸ್ ಅನ್ನೋ ನೊವೆಲ್‌ನ ನೆಟ್‌ವರ್ಕ್ ಪ್ರೋಟೋಕಾಲ್‌ನಲ್ಲಿ. ಸುಮ್ನೆ ಹವ್ಯಾಸಕ್ಕೆ. ಅದು ನೆಟ್‌ವರ್ಕ್ ಮೇಲೆ ಏನೇನು ಕಳಿಸುತ್ತದೆ ಅಂತ ನೋಡಲು ನನ್ನದೇ ಒಂದು ಚಿಕ್ಕ ಡಿಕೋಡರ್ ಬೇಕಿತ್ತು. ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್ ಇದೆಯಲ್ಲ ಅಂತೀರಾ? ಇದೆ, ಚೆನ್ನಾಗಿಯೇ ತೋರಿಸುತ್ತದೆ. ಆದರೆ ನಾವೇ ಕೂತು ಬರೆದರೆ ಮಾತ್ರ ಪ್ರೋಟೋಕಾಲ್ ಪೂರ್ತಿ ಅರ್ಥವಾಗುವುದು ಅನ್ನೋದು ನನ್ನ ನಂಬಿಕೆ. ಲಿನಕ್ಸ್ ಕರ್ನೆಲ್‌ನಿಂದ ಐಪಿಎಕ್ಸ್ ಕೋಡನ್ನು 2018ರಲ್ಲಿ, 4.18ನೇ ಆವೃತ್ತಿಯಲ್ಲಿ ತೆಗೆದುಬಿಟ್ಟರು. ಹಾಗಾಗಿ ಪ್ಯಾಕೆಟ್ ಸಾಕೆಟ್ ತೆರೆದು, ಇಡೀ ಈಥರ್ನೆಟ್ ಫ್ರೇಮನ್ನೇ ಎತ್ತಿಕೊಂಡು, ಮುಂದಿನದನ್ನು ನಾವೇ ಬಿಡಿಸಬೇಕು.

ಐಪಿಎಕ್ಸ್ ಹೆಡರ್ ಸರಳ. ಮೊದಲು 2 ಬೈಟ್ ಚೆಕ್‌ಸಮ್, ಆಮೇಲೆ 2 ಬೈಟ್ ಉದ್ದ, 1 ಬೈಟ್ ಟ್ರಾನ್ಸ್‌ಪೋರ್ಟ್ ಕಂಟ್ರೋಲ್ (ಎಷ್ಟು ರೂಟರ್ ದಾಟಿ ಬಂತು ಅನ್ನೋ ಲೆಕ್ಕ), 1 ಬೈಟ್ ಪ್ಯಾಕೆಟ್ ಟೈಪ್. ಅದರ ನಂತರ ತಲುಪಬೇಕಾದ ವಿಳಾಸ: ನೆಟ್‌ವರ್ಕ್ ನಂಬರ್ 4 ಬೈಟ್, ನೋಡ್ 6 ಬೈಟ್, ಸಾಕೆಟ್ 2 ಬೈಟ್. ಕಳಿಸಿದವರ ವಿಳಾಸವೂ ಅದೇ ಕ್ರಮದಲ್ಲಿ. ಒಟ್ಟು 30 ಬೈಟ್. ಈ ವಿನ್ಯಾಸ ನೊವೆಲ್‌ನವರ ಸ್ವಂತದ್ದಲ್ಲ, ಜೆರಾಕ್ಸ್‌ನ ಎಕ್ಸ್‌ಎನ್‌ಎಸ್ ಅನ್ನೋ ಹಳೇ ನೆಟ್‌ವರ್ಕ್ ಪ್ರೋಟೋಕಾಲ್‌ಗಳಿಂದ ಬಂದದ್ದು.

ಇದನ್ನು ಹಾಗೆಯೇ ಸ್ಟ್ರಕ್ಟ್ ಮಾಡಿ, ನೆಟ್‌ವರ್ಕ್ ನಂಬರಿಗೆ 32 ಬಿಟ್ ಇಂಟಿಜರ್ ಕೊಟ್ಟು, ಸೈಜ್‌ಆಫ್ (ಅದು ಎಷ್ಟು ಬೈಟ್ ಅಂತ) ಕೇಳಿ ನೋಡಿ. 32 ಅನ್ನುತ್ತದೆ. ಕಾರಣ ಇಷ್ಟೇ: ನೆಟ್‌ವರ್ಕ್ ನಂಬರ್ ಶುರುವಾಗಬೇಕಾದದ್ದು 6ನೇ ಆಫ್‌ಸೆಟ್‌ನಲ್ಲಿ. 4 ಬೈಟ್‌ನ ಇಂಟಿಜರ್ ಸಾಮಾನ್ಯವಾಗಿ 4ರ ಗುಣಕದಲ್ಲೇ ಶುರುವಾಗಬೇಕು (ಇದೇ ಅಲೈನ್‌ಮೆಂಟ್). 6 ಅನ್ನೋದು 4ರ ಗುಣಕ ಅಲ್ವಲ್ಲ, ಅದಕ್ಕೇ ಕಂಪೈಲರ್ ಮಧ್ಯೆ 2 ಬೈಟ್ ಖಾಲಿ ಜಾಗ ಬಿಟ್ಟು 8ಕ್ಕೆ ತಳ್ಳುತ್ತದೆ. ಅಲ್ಲಿಂದ ಮುಂದಿನ ಫೀಲ್ಡ್‌ಗಳೆಲ್ಲ ಎರಡೆರಡು ಬೈಟ್ ಆಚೆ ಹೋಗುತ್ತವೆ.

ಜಾಸ್ತಿ ಜನ ಇದಕ್ಕೆ ಪ್ಯಾಕ್ಡ್ ಅಂತ (ಖಾಲಿ ಜಾಗ ಬಿಡಬೇಡ ಅಂತ ಕಂಪೈಲರ್‌ಗೆ ಹೇಳುವ ಗುರುತು) ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಕರ್ನೆಲ್‌ನ ಹಳೇ ಕೋಡಿನಲ್ಲೂ ಅದೇ ಇತ್ತು. ನನಗೆ ಅದು ಹಿಡಿಸುವುದಿಲ್ಲ. ಅದು ಸಿ ಭಾಷೆಯ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲ, ಒಂದೊಂದು ಕಂಪೈಲರ್‌ನಲ್ಲಿ ಒಂದೊಂದು ರೀತಿ ಬರೆಯಬೇಕು. ಪ್ಯಾಕ್ಡ್ ಸ್ಟ್ರಕ್ಟ್‌ನ ಒಳಗಿನ ಫೀಲ್ಡ್‌ಗೆ ಪಾಯಿಂಟರ್ ತೆಗೆದು ಬೇರೆ ಫಂಕ್ಷನ್‌ಗೆ ಕೊಟ್ಟರೆ, ಅದು ಅಲೈನ್ ಆಗಿಲ್ಲ ಅನ್ನೋದು ಆ ಫಂಕ್ಷನ್‌ಗೆ ಗೊತ್ತೇ ಇರುವುದಿಲ್ಲ. ಎಕ್ಸ್86ನಲ್ಲಿ ಸಾಮಾನ್ಯವಾಗಿ ನಡೆದುಹೋಗುತ್ತದೆ, ಹಳೇ ಆರ್ಮ್ ಚಿಪ್‌ಗಳಲ್ಲಿ ನಡೆಯುವುದಿಲ್ಲ.

ನಾನು ಮಾಡಿದ್ದು ಬೇರೆ. ಎಲ್ಲ ಫೀಲ್ಡನ್ನೂ ಬೈಟ್‌ಗಳ ಅರೇ ಮಾಡಿದೆ. ಉದ್ದ ಅಂದರೆ 2 ಬೈಟ್‌ನ ಅರೇ, ನೆಟ್‌ವರ್ಕ್ ಅಂದರೆ 4 ಬೈಟ್‌ನ ಅರೇ. ಬೈಟ್‌ಗೆ ಅಲೈನ್‌ಮೆಂಟ್ ಬೇಡ, ಹಾಗಾಗಿ ಖಾಲಿ ಜಾಗವೂ ಬರುವುದಿಲ್ಲ. ಕೆಳಗೆ ಸಿ11ರ ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ಮಾಡುವಾಗಲೇ ನಡೆಯುವ ಪರೀಕ್ಷೆ) ಮೂರು ಸಾಲು: ಸ್ಟ್ರಕ್ಟ್‌ನ ಸೈಜ್ 30, ತಲುಪಬೇಕಾದ ನೆಟ್‌ವರ್ಕ್ 6ರಲ್ಲಿ, ಕಳಿಸಿದ ನೆಟ್‌ವರ್ಕ್ 18ರಲ್ಲಿ. ಓದಲು ಎರಡು ಪುಟ್ಟ ಫಂಕ್ಷನ್, 16 ಬಿಟ್‌ಗೊಂದು, 32 ಬಿಟ್‌ಗೊಂದು, ದೊಡ್ಡ ಬೈಟ್ ಮೊದಲು ಬರುವ ಕ್ರಮದಲ್ಲಿ. 32 ಬಿಟ್‌ನದ್ದರಲ್ಲಿ ಮೊದಲ ಬೈಟನ್ನು 24 ಸಲ ಎಡಕ್ಕೆ ಸರಿಸುವ ಮುಂಚೆ ಅದನ್ನು ಅನ್‌ಸೈನ್ಡ್ 32 ಬಿಟ್‌ಗೆ ಕಾಸ್ಟ್ ಮಾಡಲೇಬೇಕು. ಇಲ್ಲದಿದ್ದರೆ ಅದು ಸೈನ್ಡ್ ಇಂಟ್ ಆಗಿ, ಮೇಲಿನ ಬಿಟ್ 1 ಇದ್ದಾಗ ಏನು ಬರುತ್ತದೋ ಸಿ ಭಾಷೆ ಖಾತ್ರಿ ಕೊಡುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ, ನಿಜವಾದ ಮಜಾ ಇರುವುದು ಈ ಹೆಡರ್ ಫ್ರೇಮ್‌ನಲ್ಲಿ ಎಲ್ಲಿಂದ ಶುರುವಾಗುತ್ತದೆ ಅನ್ನೋದರಲ್ಲಿ. ಈಥರ್ನೆಟ್ ಮೇಲೆ ಐಪಿಎಕ್ಸ್‌ಗೆ ನಾಲ್ಕು ಬಗೆಯ ಫ್ರೇಮ್ ಇವೆ. ನಾನು 12ನೇ ಆಫ್‌ಸೆಟ್‌ನ ಎರಡು ಬೈಟ್ ಓದುತ್ತೇನೆ. ಹೆಕ್ಸ್ 8137 ಇದ್ದರೆ ಈಥರ್ನೆಟ್ 2, ಹೆಡರ್ 14ರಿಂದ. 1500 ಅಥವಾ ಕಡಿಮೆ ಇದ್ದರೆ ಅದು ಉದ್ದ, ಆಗ ಮುಂದಿನ ಎರಡು ಬೈಟ್ ನೋಡಬೇಕು. ಎರಡೂ ಎಎ ಆಗಿದ್ದರೆ ಸ್ನ್ಯಾಪ್, ಹೆಡರ್ 22ರಿಂದ (ಅದರ ಒಳಗೆ ಮತ್ತೆ 8137 ಇದೆಯಾ ಅಂತ ನೋಡಿ). ಎರಡೂ ಇ0 ಆಗಿದ್ದರೆ 802.2, ಹೆಡರ್ 17ರಿಂದ. ಎರಡೂ ಎಫ್‌ಎಫ್ ಆಗಿದ್ದರೆ ನೊವೆಲ್‌ನ ಕಚ್ಚಾ 802.3, ಹೆಡರ್ 14ರಿಂದಲೇ. ಆ ಎಫ್‌ಎಫ್ ಬೇರೇನೂ ಅಲ್ಲ, ಐಪಿಎಕ್ಸ್‌ನ ಚೆಕ್‌ಸಮ್ ಫೀಲ್ಡೇ! ಕಚ್ಚಾ ಫ್ರೇಮ್‌ನಲ್ಲಿ ಚೆಕ್‌ಸಮ್ ಬಳಸಲು ಬರುವುದಿಲ್ಲ ಅನ್ನೋದಕ್ಕೆ ಇದೇ ಕಾರಣ, ಅದೇ ಫ್ರೇಮ್‌ನ ಗುರುತಾಗಿಬಿಟ್ಟಿದೆ.

3.12 ಸರ್ವರ್ ಡಿಫಾಲ್ಟ್ ಆಗಿ ಕಳಿಸುವುದು 802.2. ಅಂದರೆ ನನ್ನ ಹೆಡರ್ ಶುರುವಾಗುವುದು 17ರಿಂದ, ಬೆಸ ಸಂಖ್ಯೆ. ಬಫರ್ ಎಷ್ಟೇ ಚೆನ್ನಾಗಿ ಅಲೈನ್ ಆಗಿರಲಿ, ಒಳಗಿನ 16 ಬಿಟ್‌ನ ಒಂದು ಫೀಲ್ಡೂ ಸರಿಯಾದ ಜಾಗಕ್ಕೆ ಬೀಳುವುದಿಲ್ಲ. ಬೈಟ್ ಅರೇಗೆ ಇದರ ಚಿಂತೆಯೇ ಇಲ್ಲ.

ಉದ್ದದ ವಿಷಯದಲ್ಲೂ ಫ್ರೇಮನ್ನು ನಂಬಬೇಡಿ. ಸ್ಯಾಪ್ (ಯಾವ ಸರ್ವರ್ ಎಲ್ಲಿದೆ ಅಂತ ಸಾರುವ ಪ್ರೋಟೋಕಾಲ್) ಬಳಸಿ ಸರ್ವರ್ ಹುಡುಕುವ ಪ್ರಶ್ನೆ ಬರೀ 34 ಬೈಟ್. 802.2ರ 17 ಸೇರಿದರೂ 51. ಈಥರ್ನೆಟ್‌ಗೆ ಕನಿಷ್ಠ 60 ಬೇಕು, ಉಳಿದ 9 ಬೈಟ್ ಸುಮ್ನೆ ತುಂಬಿಸಿದ್ದು. ಹಾಗಾಗಿ ಐಪಿಎಕ್ಸ್ ಹೆಡರ್‌ನ ಉದ್ದವನ್ನೇ ಬಳಸುತ್ತೇನೆ, ಅದು 30ಕ್ಕಿಂತ ಕಡಿಮೆ ಇದ್ದರೆ ಅಥವಾ ಕೈಗೆ ಬಂದ ಬೈಟ್‌ಗಳಿಗಿಂತ ಜಾಸ್ತಿ ಇದ್ದರೆ ಪ್ಯಾಕೆಟ್ ಬಿಸಾಡುತ್ತೇನೆ.

ಸ್ಯಾಪ್ ಉತ್ತರ ಬಿಡಿಸುವುದು ಸುಲಭ: ಹೆಕ್ಸ್ 0452 ಸಾಕೆಟ್, ಒಂದೊಂದು ಎಂಟ್ರಿ 64 ಬೈಟ್, ಒಂದು ಪ್ಯಾಕೆಟ್‌ನಲ್ಲಿ ಹೆಚ್ಚೆಂದರೆ 7. ಹೆಸರಿಗೆ 48 ಬೈಟ್. ಕೊನೆಯಲ್ಲಿ ಸೊನ್ನೆ ಇದ್ದೇ ಇರುತ್ತದೆ ಅಂತ ಅಂದುಕೊಳ್ಳದೆ, 48ರ ಮಿತಿ ಹಾಕಿಯೇ ಪ್ರಿಂಟ್ ಮಾಡಿ.

ಫೈಲ್ ಸರ್ವರ್‌ಗೆ ಕೋರಿಕೆ ಕಳಿಸಿ ಉತ್ತರ ಪಡೆಯುವ ಪ್ರೋಟೋಕಾಲ್ ಆದ ಎನ್‌ಸಿಪಿಗೆ ಬಂದರೆ ಬೈಟ್ ಕ್ರಮದ ಕಥೆಯೇ ಬೇರೆ. ಕೋರಿಕೆಯ ಟೈಪ್ ಹೆಕ್ಸ್ 2222, ಉತ್ತರ 3333, ಸಂಪರ್ಕ ಶುರು ಮಾಡಲು 1111. ಯಾವ ಕ್ರಮದಲ್ಲಿ ಓದಿದರೂ ಒಂದೇ, ಜಾಣತನ ನೋಡಿ. ಅದರ ಒಳಗಿನ ಫೀಲ್ಡ್‌ಗಳು ಮಾತ್ರ ಕೆಲವು ದೊಡ್ಡ ಬೈಟ್ ಮೊದಲು, ಕೆಲವು ಚಿಕ್ಕ ಬೈಟ್ ಮೊದಲು. ಅದಕ್ಕೇ ಉಲ್ಟಾ ಓದುವ ಇನ್ನೆರಡು ಫಂಕ್ಷನ್ ಸೇರಿಸಿಕೊಂಡೆ. ಸ್ಟ್ರಕ್ಟ್ ಮಾತ್ರ ಅದೇ ಬೈಟ್ ಅರೇಗಳದ್ದು, ಯಾವ ಫೀಲ್ಡನ್ನು ಯಾವ ಕ್ರಮದಲ್ಲಿ ಓದುತ್ತಿದ್ದೇನೆ ಅನ್ನೋದು ಓದುವ ಸಾಲಿನಲ್ಲೇ ಕಾಣುತ್ತದೆ.