ಧನುಷ್ಕೋಡಿಗೆ ಒಂದು ದಿನದ ಭೇಟಿ: ಮೊದಲ ಹೊತ್ತು ಅವಶೇಷಗಳಿಗಿರಲಿ

ಕರ್ನಾಟಕದಿಂದ ರಾಮೇಶ್ವರಕ್ಕೆ ಹೋಗುವ ಎಷ್ಟೋ ಕುಟುಂಬಗಳು ಇಪ್ಪತ್ತೆರಡು ತೀರ್ಥಗಳ ಸ್ನಾನ, ರಾಮನಾಥನ ದರ್ಶನ ಮತ್ತು ಊಟ ಮುಗಿದ ಮೇಲೆ ಉಳಿಯುವ ಎರಡು ಗಂಟೆಯಲ್ಲಿ ಧನುಷ್ಕೋಡಿಯನ್ನು ನೋಡಿ ಬರುತ್ತವೆ. ನಡುಹಗಲ ಬಿಸಿಲಿನಲ್ಲಿ ಬಾಡಿಗೆ ವಾಹನ ನೇರವಾಗಿ ಭೂಮಿಯ ತುದಿಗೆ ಹೋಗುತ್ತದೆ, ಫೋಟೊಗಳಾಗುತ್ತವೆ, ಹಿಂದಿರುಗುವಾಗ ಮುರಿದ ಚರ್ಚಿನ ಮುಂದೆ ಹತ್ತು ನಿಮಿಷ ನಿಂತು ಹೊರಡುತ್ತದೆ. ಹೀಗೆ ನೋಡಿದವರಿಗೆ ಅಲ್ಲಿ ರೈಲು ನಿಲ್ದಾಣ, ಅಂಚೆ ಕಚೇರಿ, ಶಾಲೆ, ಬಂದರು ಎಲ್ಲವೂ ಇದ್ದ ಒಂದು ಊರಿತ್ತು ಎಂಬುದು ಮನಸ್ಸಿಗೆ ಇಳಿಯುವುದೇ ಇಲ್ಲ. ಈ ಊರಿಗೆ ಒಂದು ಪೂರ್ತಿ ಬೆಳಗನ್ನು ಮೀಸಲಿಡಬೇಕು ಮತ್ತು ಆ ಬೆಳಗಿನ ಮೊದಲ ಭಾಗವನ್ನು ಸಮುದ್ರಕ್ಕಲ್ಲ, ಅವಶೇಷಗಳಿಗೆ ಕೊಡಬೇಕು ಎಂಬುದು ನನ್ನ ಖಚಿತವಾದ ಸಲಹೆ.

ಹೋಗುವ ಮುನ್ನ ತಿಳಿದಿರಬೇಕಾದ ಚರಿತ್ರೆ ಸ್ವಲ್ಪವಿದೆ. ಅದಿಲ್ಲದೆ ಅಲ್ಲಿನ ಗೋಡೆಗಳು ಬರಿಯ ಗೋಡೆಗಳಾಗಿಯೇ ಉಳಿಯುತ್ತವೆ. 1914ರ ಫೆಬ್ರುವರಿಯಲ್ಲಿ ಪಾಂಬನ್ ರೈಲು ಸೇತುವೆ ತೆರೆದ ಮೇಲೆ ಮದರಾಸಿನ ಎಗ್ಮೋರಿನಿಂದ ಹೊರಟ ಬೋಟ್ ಮೇಲ್ ರೈಲು ಪ್ರಯಾಣಿಕರನ್ನು ಧನುಷ್ಕೋಡಿಯ ಹಡಗುಕಟ್ಟೆಯವರೆಗೆ ತಂದು ಬಿಡುತ್ತಿತ್ತು. ಅಲ್ಲಿಂದ ಉಗಿಹಡಗಿನಲ್ಲಿ ಸುಮಾರು ಮೂವತ್ತು ಕಿಲೊಮೀಟರ್ ಸಮುದ್ರವನ್ನು ದಾಟಿದರೆ ಸಿಂಹಳದ ತಲೈಮನ್ನಾರ್, ಮತ್ತೆ ಅಲ್ಲಿಂದ ಕೊಲಂಬೊಗೆ ಇನ್ನೊಂದು ರೈಲು. ಹೀಗೆ ರೈಲು, ಹಡಗು, ರೈಲು ಎಂಬ ಸರಪಳಿಯ ನಡುಗೊಂಡಿಯಾಗಿದ್ದುದರಿಂದಲೇ ಮರಳ ದಿಬ್ಬದ ಮೇಲಿನ ಈ ಊರಿಗೆ ಸುಂಕದ ಕಚೇರಿ, ಅಂಚೆ, ಧರ್ಮಛತ್ರಗಳು ಬಂದವು. 1964ರ ಡಿಸೆಂಬರ್ 22ರ ರಾತ್ರಿ ಇದೆಲ್ಲ ಮುಗಿಯಿತು. ಗಂಟೆಗೆ 270 ಕಿಲೊಮೀಟರಿಗೂ ಮಿಗಿಲಾಗಿತ್ತೆಂದು ಅಂದಾಜಿಸಲಾದ ಗಾಳಿಯೊಂದಿಗೆ ಬಂದ ಚಂಡಮಾರುತವು ಸಮುದ್ರವನ್ನೇ ಎತ್ತಿ ಊರಿನ ಮೇಲೆ ಹರಿಸಿತು. ಪಾಂಬನ್‌ನಿಂದ ಹೊರಟು ನಿಲ್ದಾಣದ ಸಮೀಪಕ್ಕೆ ಬಂದಿದ್ದ 653ನೇ ಸಂಖ್ಯೆಯ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಜನರೊಂದಿಗೆ ಕೊಚ್ಚಿಹೋಯಿತು. ಒಟ್ಟು ಸಾವುಗಳು 1800ರಷ್ಟಿದ್ದವು ಎಂಬ ಅಂದಾಜಿದೆ. ಆ ಬಳಿಕ ಮದರಾಸು ಸರ್ಕಾರವು ಊರನ್ನು ವಾಸಕ್ಕೆ ಯೋಗ್ಯವಲ್ಲವೆಂದು ಘೋಷಿಸಿತು. ಚಂಡಮಾರುತವು ಪಾಂಬನ್ ಸೇತುವೆಯ ಬಹುಪಾಲು ಅಂಕಣಗಳನ್ನೂ ಕೆಡವಿತ್ತು. ಆಗ ತರುಣ ಎಂಜಿನಿಯರಾಗಿದ್ದ ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಸೇತುವೆ 46 ದಿನಗಳಲ್ಲಿ ದುರಸ್ತಿಯಾಯಿತು. ಆದರೆ ಸೇತುವೆಯಾಚೆ ಧನುಷ್ಕೋಡಿಗೆ ಹೋಗುತ್ತಿದ್ದ ಹಳಿಯನ್ನು ಮತ್ತೆ ಹಾಕಲಿಲ್ಲ.

ಪ್ರಯಾಣದ ವಿಷಯ ಸರಳವಾಗಿದೆ. ಧನುಷ್ಕೋಡಿಯಲ್ಲಿ ವಸತಿಗೃಹಗಳಿಲ್ಲ; ಹಿಂದಿನ ರಾತ್ರಿ ರಾಮೇಶ್ವರದಲ್ಲಿ ತಂಗಬೇಕು. ಬೆಂಗಳೂರು, ಮೈಸೂರು ಕಡೆಯವರಿಗೆ ಮದುರೈ ಅನುಕೂಲವಾದ ಹಾದಿ: ಮೈಸೂರು–ತೂತುಕುಡಿ ಎಕ್ಸ್‌ಪ್ರೆಸ್ ಮದುರೈ ಮೂಲಕವೇ ಹೋಗುತ್ತದೆ, ಬೆಂಗಳೂರು ದಂಡು ನಿಲ್ದಾಣದಿಂದ ಮದುರೈಗೆ ವಂದೇ ಭಾರತ್ ರೈಲೂ ಇದೆ. ಮದುರೈಯಿಂದ ರಾಮೇಶ್ವರಕ್ಕೆ ಸುಮಾರು 170 ಕಿಲೊಮೀಟರ್. ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ನಾಲ್ಕು ಗಂಟೆ ಹಿಡಿದುಕೊಳ್ಳಿ. ರಾಮೇಶ್ವರದಿಂದ ಧನುಷ್ಕೋಡಿ ಇಪ್ಪತ್ತು ಕಿಲೊಮೀಟರಿನೊಳಗೇ ಇದೆ. 2017ರಲ್ಲಿ ಮುಕುಂದರಾಯರ್ ಛತ್ರದಿಂದ ಅರಿಚಲ್‌ಮುನೈ ಎಂಬ ತುದಿಯವರೆಗೆ ಡಾಂಬರು ರಸ್ತೆ ತೆರೆಯುವ ಮೊದಲು ಮರಳಿನಲ್ಲಿ ಜೀಪು, ವ್ಯಾನುಗಳೇ ಗತಿಯಾಗಿದ್ದವು. ಈಗ ಸಣ್ಣ ಕಾರೂ ಆಟೊವೂ ನಿರಾತಂಕವಾಗಿ ಹೋಗುತ್ತವೆ, ಸರ್ಕಾರಿ ಬಸ್ಸೂ ಇದೆ. ಆಟೊ ಹಿಡಿಯುವುದಾದರೆ ದರ ಮಾತಾಡುವಾಗಲೇ ಅವಶೇಷಗಳ ಬಳಿ ಒಂದೂವರೆ ಗಂಟೆ, ತುದಿಯಲ್ಲಿ ಒಂದು ಗಂಟೆ ಕಾಯಬೇಕೆಂದು ಸ್ಪಷ್ಟವಾಗಿ ಹೇಳಿ. ಹಾಗೆ ಹೇಳದಿದ್ದರೆ ಚಾಲಕರು ರೂಢಿಯ ಲೆಕ್ಕದಲ್ಲೇ ಅವಸರ ಮಾಡುತ್ತಾರೆ, ಮತ್ತು ಅದು ಅವರ ತಪ್ಪೂ ಅಲ್ಲ.

ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲ. ಬೆಳಿಗ್ಗೆ ತಪಾಸಣಾ ಠಾಣೆ ವಾಹನಗಳನ್ನು ಬಿಡತೊಡಗಿದ ಕೂಡಲೇ ಒಳಗೆ ಹೋಗುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಒಂಬತ್ತರ ಮೇಲೆ ಪ್ರವಾಸಿ ಬಸ್ಸುಗಳ ಸಾಲು ಶುರುವಾಗುತ್ತದೆ, ಬಿಸಿಲೂ ಏರುತ್ತದೆ. ರಸ್ತೆಯ ಎರಡೂ ಬದಿಯಲ್ಲಿ ನೀರನ್ನು ಕಾಣುತ್ತ ಹೋಗಿ, ಹಳೆಯ ಊರಿನ ಬಳಿ ಇಳಿಯಿರಿ. ಚಾಲಕರು ಮೊದಲು ತುದಿಗೆ ಹೋಗೋಣವೆಂದರೂ ಒಪ್ಪಬೇಡಿ.

ಚರ್ಚಿನಿಂದ ಆರಂಭಿಸಬಹುದು. ಛಾವಣಿ ಹೋಗಿದೆ, ಪೂಜಾವೇದಿಕೆಯಿದ್ದ ಕಡೆಯ ಗೋಡೆ ಮತ್ತು ಪಕ್ಕದ ಗೋಡೆಗಳು ನಿಂತಿವೆ. ಗೋಡೆಯ ಹತ್ತಿರ ಹೋಗಿ ಕಲ್ಲನ್ನು ಗಮನಿಸಿ: ಅದು ಬೆಟ್ಟದ ಕಲ್ಲಲ್ಲ, ಸಮುದ್ರದಿಂದ ತೆಗೆದ ಹವಳದ ಕಲ್ಲು. ಗಾರೆ ಉದುರಿದಲ್ಲೆಲ್ಲ ಹವಳದ ರಂಧ್ರಗಳೂ ಗೆರೆಗಳೂ ಬರಿಗಣ್ಣಿಗೆ ಕಾಣಿಸುತ್ತವೆ. ಈ ದ್ವೀಪದಲ್ಲಿ ಕಟ್ಟುವುದಕ್ಕೆ ಕೈಗೆ ಸಿಗುತ್ತಿದ್ದ ಕಲ್ಲೇ ಅದು. ಊರಿನ ಉಳಿದ ಗೋಡೆಗಳಲ್ಲೂ ಅದನ್ನೇ ನೋಡುತ್ತೀರಿ. ಅಲ್ಲಿಂದ ರೈಲು ನಿಲ್ದಾಣದ ಉಳಿದ ಕಂಬಗಳು ಮತ್ತು ಕಮಾನುಗಳತ್ತ ನಡೆಯಿರಿ. ಸಮೀಪದಲ್ಲಿ ಉಗಿ ಎಂಜಿನ್ನುಗಳಿಗೆ ನೀರು ತುಂಬಿಸುತ್ತಿದ್ದ ತೊಟ್ಟಿಯ ಅವಶೇಷವಿದೆ. ಎರಡೂ ಕಡೆ ಉಪ್ಪುನೀರಿರುವ ಈ ಕಿರಿದಾದ ನೆಲದಲ್ಲಿ ಎಂಜಿನ್ನುಗಳಿಗೆ ಬೇಕಾದಷ್ಟು ಸಿಹಿನೀರು ಎಲ್ಲಿಯದು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಮಳೆಯ ನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಇಂದಿಗೂ ಇಲ್ಲಿನ ಮೀನುಗಾರ ಕುಟುಂಬಗಳು ಮರಳಿನಲ್ಲಿ ಆಳವಿಲ್ಲದ ಗುಂಡಿ ತೋಡಿ ಕುಡಿಯುವ ನೀರನ್ನು ಎತ್ತುತ್ತವೆ. ಅಂಥ ಗುಂಡಿ ಕಂಡರೆ ಅದರಲ್ಲಿ ಕೈಕಾಲು ತೊಳೆಯಬೇಡಿ. ಅದು ಒಂದು ಮನೆಯ ಆ ದಿನದ ನೀರು.

ಪಾಳುಬಿದ್ದ ಊರೆಂದು ಹೇಳಿದರೂ ಧನುಷ್ಕೋಡಿ ನಿರ್ಜನವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಅವಶೇಷಗಳ ನಡುವೆಯೇ ಗುಡಿಸಲು ಹಾಕಿಕೊಂಡು ಮೀನುಗಾರರು ಬಾಳುತ್ತಿದ್ದಾರೆ. ಅವರನ್ನೂ ಅವರ ಮನೆಗಳನ್ನೂ ಕೇಳದೆ ಚಿತ್ರ ತೆಗೆಯುವುದು ಸರಿಯಲ್ಲ. ಸಡಿಲಗೊಂಡ ಗೋಡೆಗಳ ಮೇಲೆ ಹತ್ತುವುದು, ಕಲ್ಲಿನ ಮೇಲೆ ಹೆಸರು ಗೀಚುವುದು, ದೆವ್ವದ ಕತೆಗಳ ವಿಡಿಯೊ ಮಾಡುವುದು ಇವೆಲ್ಲ ಅಲ್ಲಿ ನಿತ್ಯವೂ ಕಾಣುವ ದೃಶ್ಯಗಳಾಗಿಬಿಟ್ಟಿವೆ. ಒಂದೇ ರಾತ್ರಿಯಲ್ಲಿ ಅಷ್ಟೊಂದು ಜನ ಸತ್ತ ನೆಲವಿದು, ಆ ರಾತ್ರಿಯನ್ನು ಕಂಡವರ ಮಕ್ಕಳು ಮೊಮ್ಮಕ್ಕಳು ಸುತ್ತಲೇ ಇದ್ದಾರೆ. ಅವರಿಂದ ಚಹಾ, ಎಳನೀರು, ಹುರಿದ ಮೀನು ಕೊಂಡರೆ ಆ ಹಣ ನೇರವಾಗಿ ಊರಿಗೇ ಸೇರುತ್ತದೆ. ಆದರೆ ಹವಳದ ತುಂಡನ್ನು ಕೊಳ್ಳಲೂಬಾರದು, ದಡದಿಂದ ಹೆಕ್ಕಿ ತರಲೂಬಾರದು. ಇಲ್ಲಿನ ಹವಳವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಮನ್ನಾರ್ ಖಾರಿಯ ಸಾಗರ ರಾಷ್ಟ್ರೀಯ ಉದ್ಯಾನವೂ ಇದೇ ನೀರಿನಲ್ಲಿದೆ.

ಅವಶೇಷಗಳಿಂದ ಮುಂದೆ ಸುಮಾರು ಐದು ಕಿಲೊಮೀಟರ್ ಹೋದರೆ ಅಶೋಕ ಲಾಂಛನದ ಕಂಬವಿರುವ ಅರಿಚಲ್‌ಮುನೈ. ರಸ್ತೆ ಇಲ್ಲಿಗೆ ಮುಗಿಯುತ್ತದೆ. ಬಂಗಾಳ ಕೊಲ್ಲಿಯ ಕಡೆಯ ನೀರು ಸಾಮಾನ್ಯವಾಗಿ ಶಾಂತವಾಗಿದ್ದು, ಮನ್ನಾರ್ ಖಾರಿಯ ಕಡೆಯ ನೀರು ಅಲೆಯೆಬ್ಬಿಸುತ್ತಿರುತ್ತದೆ. ಸ್ಥಳೀಯರು ಮೊದಲನೆಯದನ್ನು ಹೆಣ್ಣು ಕಡಲೆಂದೂ ಎರಡನೆಯದನ್ನು ಗಂಡು ಕಡಲೆಂದೂ ಕರೆಯುತ್ತಾರೆ. ಎರಡು ನೀರೂ ಕೂಡುವ ಕಡೆ ಸೆಳೆತ ಬಲವಾಗಿದೆ, ದಡದ ಮರಳು ಕಾಲಡಿಯಲ್ಲೇ ಜಾರುತ್ತದೆ, ಮೊಣಕಾಲುದ್ದದ ನೀರೂ ಕ್ಷೇಮವಲ್ಲ. ಈಜು ಬಲ್ಲವರೂ ಇಲ್ಲಿ ನೀರಿಗಿಳಿಯಬಾರದು, ಮಕ್ಕಳ ಕೈಯನ್ನು ಒಂದು ಕ್ಷಣವೂ ಬಿಡಬಾರದು. ಸೇತುಸ್ನಾನಕ್ಕೆಂದು, ಪಿತೃತರ್ಪಣಕ್ಕೆಂದು ಬರುವ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸೇತುವಿನ ಮರಳನ್ನು ಪ್ರಯಾಗದಲ್ಲಿ ಗಂಗೆಗೆ ಬಿಟ್ಟು, ಗಂಗೆಯ ನೀರನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಿದರೆ ಕಾಶಿ–ರಾಮೇಶ್ವರ ಯಾತ್ರೆ ಪೂರ್ಣವಾಯಿತೆಂಬ ನಂಬಿಕೆ ಕನ್ನಡದ ಮನೆಗಳಲ್ಲಿ ಇನ್ನೂ ಜೀವಂತವಾಗಿದೆ. ಅಂಥವರು ತುದಿಯನ್ನು ಬಿಟ್ಟು, ಸ್ಥಳೀಯ ಪುರೋಹಿತರೋ ಮೀನುಗಾರರೋ ತೋರಿಸಿದ ಶಾಂತವಾದ ದಡದಲ್ಲಿ ಕೂತು, ಚೊಂಬಿನಿಂದ ನೀರು ಹೊಯ್ದುಕೊಂಡು ಕರ್ಮವನ್ನು ಪೂರೈಸುವುದೇ ತಕ್ಕದ್ದು. ಒದ್ದೆ ಬಟ್ಟೆ ಬದಲಿಸಲು ಮರೆಯಾದ ಜಾಗ ಸಿಗುವುದು ಕಷ್ಟವಾದ್ದರಿಂದ ಒಂದು ಹೆಚ್ಚುವರಿ ಸೀರೆಯನ್ನೋ ಪಂಚೆಯನ್ನೋ ಒಯ್ಯಿರಿ.

ನೆರಳೆಂಬುದು ಈ ದಾರಿಯುದ್ದಕ್ಕೂ ಇಲ್ಲ. ತಲೆಗೊಂದು ಹೊದಿಕೆ, ತಲಾ ಎರಡು ಲೀಟರ್ ನೀರು, ಮರಳಿಗೆ ಒಗ್ಗುವ ಚಪ್ಪಲಿ ಬೇಕೇ ಬೇಕು. ಶೌಚಕಾರ್ಯವನ್ನು ವಸತಿಯಲ್ಲೇ ಮುಗಿಸಿ ಹೊರಡುವುದು ಒಳ್ಳೆಯದು. ಜನವರಿಯಿಂದ ಮಾರ್ಚ್ ಮೊದಲ ಭಾಗದವರೆಗಿನ ಕಾಲ ಅತ್ಯಂತ ಹಿತಕರ. ಚಳಿಗಾಲದಲ್ಲಿ ಹಿನ್ನೀರಿನಲ್ಲಿ ರಾಜಹಂಸಗಳ ಹಿಂಡೂ ಕಾಣಸಿಗುತ್ತದೆ. ದೂರದರ್ಶಕವಿದ್ದರೆ ಒಯ್ಯಿರಿ, ಹತ್ತಿರ ಹೋಗಿ ಹಾರಿಸಬೇಡಿ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆಯೂ ಚಂಡಮಾರುತಗಳೂ ಇರುವುದರಿಂದ ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಯನ್ನು ನೋಡಿಯೇ ಹೊರಡಬೇಕು. ಸಮುದ್ರ ಉಬ್ಬಿದ ದಿನಗಳಲ್ಲಿ ರಸ್ತೆಯನ್ನು ಮುಚ್ಚುತ್ತಾರೆ. ಆಗ ಪೊಲೀಸರೊಂದಿಗೆ ವಾದಕ್ಕಿಳಿಯದೆ ಹಿಂದಿರುಗಬೇಕು.

ಮರಳುವ ದಾರಿಯಲ್ಲಿ ನೀರಿನ ನಡುವಿನ ಕಾಲುದಾರಿಯಂಥ ರಸ್ತೆಯ ಕೊನೆಗೆ ಕೋದಂಡರಾಮಸ್ವಾಮಿ ದೇವಾಲಯವಿದೆ. ವಿಭೀಷಣನು ರಾಮನಿಗೆ ಶರಣಾದದ್ದು ಇಲ್ಲೇ ಎಂಬುದು ಸ್ಥಳಪುರಾಣ. 1964ರ ಚಂಡಮಾರುತವನ್ನು ತಾಳಿ ಉಳಿದ ಕಟ್ಟಡವೆಂಬ ಕಾರಣಕ್ಕೂ, ಅವಶೇಷಗಳನ್ನು ನೋಡಿ ಬಂದವರು ಇಲ್ಲಿ ಅರ್ಧ ಗಂಟೆ ಕಳೆಯುವುದು ಸಾರ್ಥಕ. ಹತ್ತೂವರೆ ಹನ್ನೊಂದರ ಹೊತ್ತಿಗೆ ರಾಮೇಶ್ವರ ಸೇರಿದರೆ ಊಟ, ವಿಶ್ರಾಂತಿಗೆ ಧಾರಾಳ ಸಮಯವಿರುತ್ತದೆ. ಸಂಜೆ ಮದುರೈಗೆ ಹೊರಡುವವರು ಸಾಧ್ಯವಾದರೆ ಹಗಲಿನಲ್ಲೇ ಪಾಂಬನ್ ದಾಟುವಂತೆ ವೇಳೆ ಇಟ್ಟುಕೊಳ್ಳಿ. 2025ರ ಏಪ್ರಿಲ್‌ನಿಂದ ರೈಲುಗಳು ಓಡುತ್ತಿರುವ ಹೊಸ ಸೇತುವೆಯ ನಡುಭಾಗವು ಹಡಗುಗಳಿಗೆ ದಾರಿ ಬಿಡಲು ನೇರವಾಗಿ ಮೇಲಕ್ಕೇರುವಂಥದ್ದು. ಬಸ್ಸಿನಲ್ಲಿ ಹೋಗುವವರಿಗೆ ಎತ್ತರದ ರಸ್ತೆ ಸೇತುವೆಯ ಮೇಲಿನಿಂದ ಅದು ಚೆನ್ನಾಗಿ ಕಾಣಿಸುತ್ತದೆ.